ಹಳೆಯ ವಿಂಡೋಸ್ ಪರವಾನಗಿಯನ್ನು ಹೊಸ ಕಂಪ್ಯೂಟರಿಗೆ ವರ್ಗಾಯಿಸುವ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲದ ಅವಧಿ ಮುಗಿಯಿತು. ವಿಂಡೋಸ್ 11 ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇರಬೇಕು, ಜೊತೆಗೆ ಪ್ರೊಸೆಸರ್ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರಬೇಕು. ಹೀಗಾಗಿ ಇನ್ನೂ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಹಳೆಯ ಕಂಪ್ಯೂಟರುಗಳ ಜಾಗಕ್ಕೆ ಹೊಸದನ್ನು ತರಬೇಕಾಗಿ ಬಂದಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಆಯ್ದು ಜೋಡಿಸಿಕೊಂಡು ಬರುವವರಿಗೂ, ಬೆಲೆ ಕಡಿಮೆಯೆಂದು ವಿಂಡೋಸ್ ಇಲ್ಲದ, ಡಾಸ್ ಮಾತ್ರ ಇರುವ ಲ್ಯಾಪ್‌ಟಾಪ್ ಕೊಳ್ಳುವವರಿಗೂ ಆಗ ಎದುರಾಗುವ ಪ್ರಶ್ನೆ ಒಂದೇ: ಹಿಂದೆ ಹಣ ಕೊಟ್ಟು ಕೊಂಡಿದ್ದ ವಿಂಡೋಸ್ ಪರವಾನಗಿಯನ್ನು ಈ ಹೊಸ ಯಂತ್ರಕ್ಕೆ ತರಬಹುದೇ?

ಕೆಲವು ಪರವಾನಗಿಗಳನ್ನು ತರಬಹುದು, ಕೆಲವನ್ನು ತರಲಾಗದು. ನಿಮ್ಮದು ಯಾವುದೆಂದು ತಿಳಿಯಲು ಬೇಕಾದ ಸುಳಿವುಗಳೆಲ್ಲ ಹೆಚ್ಚುಕಡಿಮೆ ಹಳೆಯ ಕಂಪ್ಯೂಟರಿನಲ್ಲೇ ಇರುತ್ತವೆ. ಆದ್ದರಿಂದ ಹಳೆಯ ಯಂತ್ರವನ್ನು ಮಾರುವ, ಯಾರಿಗಾದರೂ ಕೊಡುವ ಅಥವಾ ಅದರ ಡಿಸ್ಕನ್ನು ಅಳಿಸುವ ಮೊದಲೇ ಈ ಕೆಲಸಕ್ಕೆ ಕೂರಬೇಕು. ನನ್ನ ಚಿಕ್ಕಪ್ಪನವರು ತಮ್ಮ ಡಿ.ಟಿ.ಪಿ. ಅಂಗಡಿಗೆಂದು ವಿಂಡೋಸ್ 10 ಪ್ರೊ ಆವೃತ್ತಿಯನ್ನು ಪೆಟ್ಟಿಗೆಯಲ್ಲಿ, ಬಿಲ್ ಸಮೇತ ಕೊಂಡಿದ್ದರು. ಹೊಸ ಕಂಪ್ಯೂಟರ್ ಬಂದ ದಿನವೇ ಹಳೆಯದನ್ನು ಗುಜರಿಯವನಿಗೆ ಕೊಟ್ಟರು, ಕೀ ಇದ್ದ ಕಾರ್ಡ್ ಮಳೆಗಾಲದ ಸ್ವಚ್ಛತೆಯಲ್ಲಿ ಎಂದೋ ಕಸಕ್ಕೆ ಹೋಗಿತ್ತು, ಪರವಾನಗಿಯನ್ನು ಯಾವ ಖಾತೆಗೂ ಜೋಡಿಸಿರಲಿಲ್ಲ. ನ್ಯಾಯವಾಗಿ ಅವರದೇ ಆಗಿದ್ದ ಪರವಾನಗಿಗೆ ಅವರು ಇನ್ನೊಮ್ಮೆ ಪೂರ್ತಿ ಬೆಲೆ ತೆತ್ತರು. ಆ ಹಣ ಅವರಿಗೆ ಸಣ್ಣದಾಗಿರಲಿಲ್ಲ. ಹಳೆಯ ಯಂತ್ರದ ಮುಂದೆ ಅರ್ಧ ಗಂಟೆ ಕುಳಿತಿದ್ದರೆ ಅದು ಉಳಿಯುತ್ತಿತ್ತು.

ಪರವಾನಗಿಯ ಬಗೆಯನ್ನು ಗುರುತಿಸುವುದು

ಅನೇಕರು ಇಪ್ಪತ್ತೈದು ಅಕ್ಷರಗಳ ಪ್ರಾಡಕ್ಟ್ ಕೀಯನ್ನೇ ಪರವಾನಗಿ ಎಂದು ಭಾವಿಸುತ್ತಾರೆ. ಕೀ ಎಂಬುದು ಪರವಾನಗಿಯನ್ನು ಸಾಬೀತುಪಡಿಸುವ ಒಂದು ಸಾಧನ ಮಾತ್ರ. ಪರವಾನಗಿ ಎಂದರೆ ತಂತ್ರಾಂಶವನ್ನು ಇಂಥ ಷರತ್ತಿನ ಮೇಲೆ ಬಳಸಬಹುದು ಎಂಬ ಹಕ್ಕು, ಮತ್ತು ಆ ಷರತ್ತು ನೀವು ವಿಂಡೋಸನ್ನು ಯಾವ ದಾರಿಯಲ್ಲಿ ಪಡೆದಿರಿ ಎಂಬುದರ ಮೇಲೆ ನಿಂತಿದೆ.

ಅಂಗಡಿಯಿಂದ ವಿಂಡೋಸ್ ಹಾಕಿಯೇ ಬಂದ ಲ್ಯಾಪ್‌ಟಾಪ್ ಅಥವಾ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ನಿಮ್ಮದಾಗಿದ್ದರೆ ಅದರ ಪರವಾನಗಿ ಓಇಎಂ ಬಗೆಯದು. ಅದು ಆ ಯಂತ್ರದೊಡನೆ ಹುಟ್ಟಿ ಆ ಯಂತ್ರದೊಡನೆಯೇ ಮುಗಿಯುತ್ತದೆ. ಲ್ಯಾಪ್‌ಟಾಪನ್ನು ಇನ್ನೊಬ್ಬರಿಗೆ ಮಾರಿದರೆ ಪರವಾನಗಿಯೂ ಅದರ ಜೊತೆಗೆ ಅವರ ಪಾಲಾಗುತ್ತದೆ. ಲ್ಯಾಪ್‌ಟಾಪನ್ನು ಇಟ್ಟುಕೊಂಡು ಪರವಾನಗಿಯನ್ನಷ್ಟೇ ಕಿತ್ತು ಬೇರೆ ಯಂತ್ರಕ್ಕೆ ಹಾಕಲು ಷರತ್ತು ಒಪ್ಪುವುದಿಲ್ಲ. ಅಂಗಡಿಯಲ್ಲಿ ಪೆಟ್ಟಿಗೆಯಾಗಿ ಅಥವಾ ಮೈಕ್ರೋಸಾಫ್ಟಿನ ತಾಣದಲ್ಲಿ ಪ್ರತ್ಯೇಕವಾಗಿ ಕೊಂಡದ್ದು ರೀಟೇಲ್ ಪರವಾನಗಿ. ಇದನ್ನು ನಿಮ್ಮದೇ ಆದ ಮತ್ತೊಂದು ಯಂತ್ರಕ್ಕೆ ವರ್ಗಾಯಿಸಬಹುದು. ಮೊದಲು ಕೊಂಡವರು ನೀವೇ ಆಗಿದ್ದರೆ ಇನ್ನೊಬ್ಬರ ಯಂತ್ರಕ್ಕೂ ಕೊಡಬಹುದು, ಆದರೆ ಅವರು ಅದರ ಷರತ್ತುಗಳಿಗೆ ಒಪ್ಪಬೇಕು. ಎರಡೂ ಸಂದರ್ಭಗಳಲ್ಲಿ ಹಳೆಯ ಯಂತ್ರದಿಂದ ಅದನ್ನು ತೆಗೆದುಹಾಕಲೇಬೇಕು, ಏಕಕಾಲಕ್ಕೆ ಎರಡು ಕಡೆ ಬಳಸುವಂತಿಲ್ಲ. ಇನ್ನು ಕಚೇರಿ, ಕಾಲೇಜುಗಳಿಗೆ ಸಗಟಾಗಿ ಕೊಡುವ ವಾಲ್ಯೂಮ್ ಪರವಾನಗಿ ಆ ಸಂಸ್ಥೆಗೆ ಸೇರಿದ್ದು. ಕಚೇರಿಯ ಕಂಪ್ಯೂಟರಿನ ಕೀಯನ್ನು ಬರೆದುಕೊಂಡು ಬಂದು ಮನೆಯಲ್ಲಿ ಹಾಕುವುದು ವರ್ಗಾವಣೆಯಲ್ಲ.

ನಿಮ್ಮದು ಇವುಗಳಲ್ಲಿ ಯಾವುದೆಂದು ಹಳೆಯ ಕಂಪ್ಯೂಟರಿನಲ್ಲೇ ನೋಡೋಣ. ಕೀಲಿಮಣೆಯಲ್ಲಿ ವಿಂಡೋಸ್ ಚಿಹ್ನೆಯ ಕೀಯನ್ನು ಒತ್ತಿ ಹಿಡಿದು ಆರ್ ಒತ್ತಿದರೆ ರನ್ ಎಂಬ ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಇಂಗ್ಲಿಷಿನ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಅಕ್ಷರಗಳನ್ನು ಸಣ್ಣ ಅಕ್ಷರಗಳಲ್ಲಿ ಒಟ್ಟಾಗಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಮುಂದಕ್ಕೆ ವಾಲಿದ ಗೆರೆ, ಅಂದರೆ ಸ್ಲ್ಯಾಶ್ ಹಾಕಿ, ಅದಕ್ಕೆ ಅಂಟಿದಂತೆ ಡಿ, ಎಲ್, ಐ ಎಂದು ಬರೆದು ಎಂಟರ್ ಒತ್ತಿ. ಕೆಲವು ಕ್ಷಣಗಳ ಬಳಿಕ ಒಂದು ಕಿಟಕಿ ಕಾಣಿಸುತ್ತದೆ. ಮೊದಲ ಸಾಲಿನಲ್ಲಿ ನಿಮ್ಮ ಆವೃತ್ತಿಯ ಹೆಸರು, ಎರಡನೆಯ ಸಾಲಿನಲ್ಲಿ ಚಾನೆಲ್ ಎಂಬ ಪದದ ಹಿಂದೆ ಪರವಾನಗಿಯ ಬಗೆ, ಮೂರನೆಯ ಸಾಲಿನಲ್ಲಿ ಕೀಯ ಕೊನೆಯ ಐದು ಅಕ್ಷರಗಳು ಇರುತ್ತವೆ. ಚಾನೆಲ್ ಹಿಂದೆ ಓಇಎಂ ಎಂದು ಆರಂಭವಾಗುವ ಪದವಿದ್ದರೆ ಆ ಪರವಾನಗಿ ಯಂತ್ರಕ್ಕೆ ಅಂಟಿಕೊಂಡದ್ದು. ಅದರಲ್ಲೂ ಓಇಎಂ ಡಿಎಂ ಎಂದಿದ್ದರೆ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ, ಅಂದರೆ ಅದರ ಚಿಪ್ಪಿನಲ್ಲಿರುವ ಮೂಲ ತಂತ್ರಾಂಶದಲ್ಲೇ, ಬರೆದಿದೆ ಎಂದು ತಿಳಿಯಬೇಕು. 2012ರಲ್ಲಿ ಬಂದ ವಿಂಡೋಸ್ 8ರ ಕಾಲದಿಂದ ದೊಡ್ಡ ತಯಾರಕರು ಈ ಪದ್ಧತಿಯನ್ನು ಅನುಸರಿಸುತ್ತಿದ್ದಾರೆ. ಲ್ಯಾಪ್‌ಟಾಪಿನ ಅಡಿಯಲ್ಲಿ ಕೀ ಅಚ್ಚಾದ ಚೀಟಿ ಕಾಣೆಯಾದದ್ದು ಇದರಿಂದಲೇ. ವಾಲ್ಯೂಮ್ ಎಂದಿದ್ದರೆ ಅದು ಸಂಸ್ಥೆಯದು. ನಿಮ್ಮ ಮನೆಯ ಸ್ವಂತ ಕಂಪ್ಯೂಟರಿನಲ್ಲಿ ಹಾಗೆ ಕಂಡರೆ ಅಂಗಡಿಯವರು ಹಾಕಿಕೊಟ್ಟ ವಿಂಡೋಸ್ ನ್ಯಾಯವಾದದ್ದೇ ಎಂದು ಸಂಶಯಿಸಲು ಕಾರಣವಿದೆ.

ರೀಟೇಲ್ ಎಂದು ಕಂಡ ಕೂಡಲೇ ಸಮಾಧಾನಪಡುವಂತಿಲ್ಲ. ಬಹಳ ಜನ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 2015ರ ಜುಲೈ 29ರಿಂದ ಒಂದು ವರ್ಷ ಕಾಲ ಮೈಕ್ರೋಸಾಫ್ಟ್ ವಿಂಡೋಸ್ 7 ಮತ್ತು 8.1ರ ಬಳಕೆದಾರರಿಗೆ ವಿಂಡೋಸ್ 10ಕ್ಕೆ ಉಚಿತವಾಗಿ ಏರಲು ಅವಕಾಶ ಕೊಟ್ಟಿತ್ತು. ಹಾಗೆ ಏರಿದವರಿಗೆ ಹೊಸ ಕೀ ಕೊಡಲಿಲ್ಲ. ಆ ಯಂತ್ರದ ಬಿಡಿಭಾಗಗಳ ಗುರುತನ್ನು, ಮುಖ್ಯವಾಗಿ ಮದರ್‌ಬೋರ್ಡಿನದನ್ನು, ತನ್ನ ಸರ್ವರಿನಲ್ಲಿ ಬರೆದಿಟ್ಟುಕೊಂಡು, ಈ ಯಂತ್ರಕ್ಕೆ ಪರವಾನಗಿ ಇದೆ ಎಂದು ನಮೂದಿಸಿತು. ಇದನ್ನೇ ಡಿಜಿಟಲ್ ಲೈಸೆನ್ಸ್ ಎನ್ನುತ್ತಾರೆ. ಕೀಯ ಜಾಗ ಖಾಲಿ ಇರಬಾರದೆಂದು ಒಂದೇ ಆವೃತ್ತಿಯ ಅಂಥ ಎಲ್ಲ ಯಂತ್ರಗಳಿಗೂ ಒಂದೇ ಸಾಮಾನ್ಯ ಕೀಯನ್ನು ತುಂಬಲಾಯಿತು. ಆ ಸಾಮಾನ್ಯ ಕೀ ರೀಟೇಲ್ ಗುಂಪಿಗೆ ಸೇರಿದ್ದು. ಆದ್ದರಿಂದ ಓಇಎಂ ವಿಂಡೋಸ್ 7 ಇದ್ದ ಲ್ಯಾಪ್‌ಟಾಪ್ ಕೂಡ ಉಚಿತ ಏರಿಕೆಯ ನಂತರ ತನ್ನನ್ನು ರೀಟೇಲ್ ಎಂದು ತೋರಿಸಿಕೊಳ್ಳುತ್ತದೆ, ಆದರೆ ಅದರ ಹಕ್ಕು ಓಇಎಂ ಆಗಿಯೇ ಉಳಿದಿರುತ್ತದೆ.

ಇದನ್ನು ಪತ್ತೆಹಚ್ಚಲು ಮೂರನೆಯ ಸಾಲಿನ ಐದು ಅಕ್ಷರಗಳು ನೆರವಾಗುತ್ತವೆ. ಪ್ರೊ ಆವೃತ್ತಿಯಲ್ಲಿ ಅವು 3, ವಿ, 6, 6, ಟಿ ಎಂದಿದ್ದರೆ, ಹೋಮ್ ಆವೃತ್ತಿಯಲ್ಲಿ 8, ಎಚ್, ವಿ, ಎಕ್ಸ್, 7 ಎಂದಿದ್ದರೆ ಅದು ಲೋಕಕ್ಕೆಲ್ಲ ಒಂದೇ ಆದ ಸಾಮಾನ್ಯ ಕೀ. ಅದನ್ನು ಬರೆದುಕೊಂಡು ಹೊಸ ಯಂತ್ರಕ್ಕೆ ಹಾಕಿದರೆ ವಿಂಡೋಸ್ ಆ ಕೀಯನ್ನು ಸ್ವೀಕರಿಸುತ್ತದೆ, ಸಕ್ರಿಯ ಮಾತ್ರ ಆಗುವುದಿಲ್ಲ, ಅಂದರೆ ಆ ಯಂತ್ರಕ್ಕೆ ಪರವಾನಗಿ ಇದೆಯೆಂದು ಮೈಕ್ರೋಸಾಫ್ಟ್ ದೃಢೀಕರಿಸುವುದಿಲ್ಲ. ಕೀಯನ್ನು ಹುಡುಕಿ ತೋರಿಸುತ್ತೇವೆ ಎನ್ನುವ ಸಣ್ಣಪುಟ್ಟ ತಂತ್ರಾಂಶಗಳು ಇಂಥ ಯಂತ್ರಗಳಲ್ಲಿ ಹೊರತೆಗೆಯುವುದು ಇದೇ ಸಾಮಾನ್ಯ ಕೀಯನ್ನು. ಐದು ಅಕ್ಷರಗಳು ಬೇರೆಯಿದ್ದು, ನಿಮ್ಮ ಕಾರ್ಡಿನಲ್ಲೋ ಖರೀದಿಯ ಇಮೇಲ್‌ನಲ್ಲೋ ಇರುವ ಕೀಯ ಕೊನೆಯ ಗುಂಪಿಗೆ ಹೊಂದಿದರೆ ನಿಮ್ಮದು ನಿಜವಾದ ರೀಟೇಲ್ ಪರವಾನಗಿ ಎನ್ನಬಹುದು. ಅಂತಿಮವಾದ ಪುರಾವೆ ಮಾತ್ರ ಖರೀದಿಯ ಬಿಲ್. ಅದರಲ್ಲಿ ವಿಂಡೋಸಿಗೆ ಪ್ರತ್ಯೇಕ ಸಾಲು, ಪ್ರತ್ಯೇಕ ಬೆಲೆ ಇದೆಯೇ ನೋಡಿ. ಇದ್ದರೆ ಅಲ್ಲಿ ಓಇಎಂ ಎಂದು ಬರೆದಿದೆಯೇ ಎಂಬುದನ್ನೂ ನೋಡಿ, ಏಕೆಂದರೆ ಅಸೆಂಬಲ್ ಮಾಡಿಕೊಡುವ ಅಂಗಡಿಗಳು ಕಡಿಮೆ ಬೆಲೆಯ ಓಇಎಂ ಪ್ರತಿಯನ್ನೂ ಪ್ರತ್ಯೇಕ ಲಕೋಟೆಯಲ್ಲಿಯೇ ಮಾರುತ್ತವೆ. ಲಕೋಟೆ ಬೇರೆಯಾಗಿ ಬಂದ ಮಾತ್ರಕ್ಕೆ ಅದು ರೀಟೇಲ್ ಆಗದು.

ಪೆಟ್ಟಿಗೆಯಲ್ಲಿ ಕೊಂಡ ವಿಂಡೋಸ್ 7 ಅಥವಾ 8ರ ಕೀ ಇಟ್ಟುಕೊಂಡಿರುವವರಿಗೆ ಒಂದು ಮಾತು. ಉಚಿತ ಅವಧಿ 2016ರಲ್ಲಿ ಮುಗಿದರೂ ಆ ಕೀಗಳು ವಿಂಡೋಸ್ 10ನ್ನೂ, ಬಳಿಕ 11ನ್ನೂ ಸಕ್ರಿಯಗೊಳಿಸುತ್ತಲೇ ಇದ್ದವು. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಆ ದಾರಿಯನ್ನು ಮುಚ್ಚಿತು. ಈಗ ವಿಂಡೋಸ್ 7ರ ಕೀಯನ್ನು ಹಿಡಿದು ಹೊಸ ಯಂತ್ರದಲ್ಲಿ ವಿಂಡೋಸ್ 11ಕ್ಕೆ ಪ್ರಯತ್ನಿಸುವುದು ವ್ಯರ್ಥ. ವಿಂಡೋಸ್ 10ರ ರೀಟೇಲ್ ಕೀಗೆ ಈ ತೊಡಕಿಲ್ಲ. ಅದೇ ಆವೃತ್ತಿಯ ವಿಂಡೋಸ್ 11ನ್ನು ಅದು ಸಕ್ರಿಯಗೊಳಿಸುತ್ತದೆ.

ಹಳೆಯ ಯಂತ್ರದಲ್ಲಿ ಮಾಡಿಕೊಳ್ಳಬೇಕಾದ ಸಿದ್ಧತೆ

ನಿಮ್ಮದು ವರ್ಗಾಯಿಸಬಹುದಾದ ಪರವಾನಗಿ ಎಂದು ಖಚಿತವಾದ ಮೇಲೆ ಪ್ರಾಡಕ್ಟ್ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಐದೈದು ಅಕ್ಷರಗಳ ಐದು ಗುಂಪುಗಳು ಪೂರ್ತಿ ಇವೆಯೇ ಎಂದು ಇನ್ನೊಮ್ಮೆ ಓದಿ ನೋಡಿ. 8 ಮತ್ತು ಬಿ ಅಕ್ಷರಗಳು ಕೈಬರಹದಲ್ಲಿ ಅದಲುಬದಲಾಗುವುದು ಸಾಮಾನ್ಯ. ಬಿಲ್ ಮತ್ತು ಕಾರ್ಡಿನ ಫೋಟೋ ತೆಗೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಆ ಫೋಟೋವನ್ನು ಯಾರಿಗೂ ಕಳುಹಿಸಬೇಡಿ, ಕೀ ಕಾಣುವ ಚಿತ್ರ ಕೀಯಷ್ಟೇ ಬೆಲೆಯುಳ್ಳದ್ದು.

ಬಳಿಕ ಪರವಾನಗಿಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಂ ವಿಭಾಗದಲ್ಲಿರುವ ಆ್ಯಕ್ಟಿವೇಷನ್ ಪುಟಕ್ಕೆ ಹೋಗಬೇಕು; ವಿಂಡೋಸ್ 10ರಲ್ಲಿ ಅದೇ ಪುಟ ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ ವಿಭಾಗದಲ್ಲಿದೆ. ಪರವಾನಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಲ್ಪಟ್ಟಿದೆ ಎಂಬ ವಾಕ್ಯ ಅಲ್ಲಿದ್ದರೆ ಆ ಕೆಲಸ ಆಗಲೇ ಮುಗಿದಿದೆ. ಡಿಜಿಟಲ್ ಲೈಸೆನ್ಸ್ ಎಂದಷ್ಟೇ ಇದ್ದು ಖಾತೆಯ ಮಾತಿಲ್ಲದಿದ್ದರೆ ಅದೇ ಪುಟದಲ್ಲಿ ಖಾತೆ ಸೇರಿಸುವ ಆಯ್ಕೆ ಸಿಗುತ್ತದೆ. ಈ ಸೌಲಭ್ಯ ಬಂದದ್ದು 2016ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 1607 ಎಂಬ ಆವೃತ್ತಿಯಿಂದ, ಹಾಗಾಗಿ ಅದಕ್ಕಿಂತ ಹಳೆಯ ವಿಂಡೋಸ್ 10 ಇನ್ನೂ ಇದ್ದರೆ ಮೊದಲು ಅಪ್‌ಡೇಟ್ ಮಾಡಬೇಕು. ಕೀ ಕೈಯಲ್ಲಿದ್ದರೂ ಈ ಜೋಡಣೆಯನ್ನು ಬಿಡಬೇಡಿ ಎಂಬುದು ನನ್ನ ಸಲಹೆ, ಏಕೆಂದರೆ ಕಾಗದ ಕಳೆದುಹೋದಾಗ ಉಳಿಯುವುದು ಇದೊಂದೇ ಹಿಡಿ. ಖಾತೆಯ ಪಾಸ್‌ವರ್ಡ್ ನೆನಪಿದೆಯೇ, ಅದಕ್ಕೆ ಕೊಟ್ಟ ಮೊಬೈಲ್ ಸಂಖ್ಯೆ ಇಂದಿಗೂ ನಿಮ್ಮ ಬಳಿ ಚಾಲ್ತಿಯಲ್ಲಿದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ.

ಆವೃತ್ತಿಯ ಪೂರ್ಣ ಹೆಸರನ್ನು ಅಕ್ಷರಶಃ ಬರೆದುಕೊಳ್ಳಿ. ಹೋಮ್, ಪ್ರೊ ಎಂಬೆರಡೇ ಅಲ್ಲದೆ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಂಬುದೊಂದಿದೆ. ನಮ್ಮ ದೇಶದಲ್ಲಿ ಮಾರಾಟವಾಗುವ ಲ್ಯಾಪ್‌ಟಾಪುಗಳಲ್ಲಿ ಅದು ಧಾರಾಳವಾಗಿ ಕಾಣಸಿಗುತ್ತದೆ. ಹೆಸರು ಕೇಳಿ ಕನ್ನಡ ಬರೆಯಲಾಗದೇನೋ ಎಂದು ಹೆದರಬೇಕಾಗಿಲ್ಲ. ಅದರ ಮಿತಿ ವಿಂಡೋಸಿನ ಮೆನುಗಳು ಕಾಣುವ ಭಾಷೆಗೆ ಸಂಬಂಧಿಸಿದ್ದು, ಕನ್ನಡ ಟೈಪಿಂಗಿಗೆ ಅಡ್ಡಿಯಿಲ್ಲ. ಆದರೆ ಪರವಾನಗಿಯ ಲೆಕ್ಕದಲ್ಲಿ ಅದು ಹೋಮ್‌ಗಿಂತ ಬೇರೆಯೇ ಆದ ಆವೃತ್ತಿ. ಒಂದರ ಡಿಜಿಟಲ್ ಲೈಸೆನ್ಸ್ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳುವಾಗ ಒಂದು ಅಪಾಯವನ್ನು ಗಮನದಲ್ಲಿಡಬೇಕು. ಡಿಸ್ಕು ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್‌ನಿಂದ ಬೀಗ ಹಾಕಿದ ಸ್ಥಿತಿಯಲ್ಲಿದ್ದರೆ, ಅದನ್ನು ಕಳಚಿ ಹೊಸ ಯಂತ್ರಕ್ಕೆ ಜೋಡಿಸಿದಾಗ 48 ಅಂಕೆಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಒಳಗಿನ ಕಡತಗಳು ಸಿಗುವುದಿಲ್ಲ, ಯಾವ ಸರ್ವೀಸ್ ಅಂಗಡಿಯೂ ಅವನ್ನು ತೆಗೆದುಕೊಡಲಾರದು. ಪರವಾನಗಿ ಹೋದರೆ ಹಣ ಕೊಟ್ಟು ತರಬಹುದು, ಮಕ್ಕಳ ಫೋಟೋಗಳನ್ನು ತರಲಾಗದು. ಆದ್ದರಿಂದ ರಿಕವರಿ ಕೀಯನ್ನು ಮೊದಲೇ ಬರೆದಿಡಿ, ಇಲ್ಲವೇ ಹಳೆಯ ಯಂತ್ರದಲ್ಲೇ ಎನ್‌ಕ್ರಿಪ್ಷನ್ ತೆಗೆದು, ಅದು ಪೂರ್ಣಗೊಳ್ಳುವವರೆಗೆ ಕಾದು ಮುಂದುವರಿಯಿರಿ.

ಹಳೆಯ ಡಿಸ್ಕನ್ನೇ ಹೊಸ ಯಂತ್ರಕ್ಕೆ ಹಾಕಿದರೆ ಪರವಾನಗಿಯೂ ಬಂದಂತಾಯಿತು ಎಂದು ಕೆಲವರು ನಂಬಿದ್ದಾರೆ. ಹಾಗೆ ಹಾಕಿದ ವಿಂಡೋಸ್ ಚಾಲೂ ಆಗಬಹುದು. ಆದರೆ ಮದರ್‌ಬೋರ್ಡ್ ಬದಲಾದದ್ದನ್ನು ಅದು ಗುರುತಿಸಿ, ತಾನು ಸಕ್ರಿಯವಾಗಿಲ್ಲ ಎಂದು ಹೇಳುತ್ತದೆ. ಪರವಾನಗಿಯ ದಾಖಲೆ ಇರುವುದು ಡಿಸ್ಕಿನಲ್ಲಲ್ಲ.

ಹಳೆಯ ಯಂತ್ರದಿಂದ ಬಿಡಿಸುವುದು

ಕೀ ಕೈಯಲ್ಲಿದೆ, ಖಾತೆಗೆ ಜೋಡಿಸಿಯಾಗಿದೆ, ಕಡತಗಳ ಪ್ರತಿ ಆಗಿದೆ ಎಂಬ ಮೂರೂ ಖಚಿತವಾದ ಬಳಿಕವೇ ಈ ಹೆಜ್ಜೆ ಇಡಬೇಕು. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಎಂದು ಹುಡುಕಿ, ಅದರ ಮೇಲೆ ಬಲ ಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವ ಆಯ್ಕೆಯನ್ನು ಆರಿಸಿ. ಹಿಂದಿನಂತೆಯೇ ಎಸ್, ಎಲ್, ಎಂ, ಜಿ, ಆರ್ ಎಂದು ಬರೆದು, ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ ಯು, ಪಿ, ಕೆ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ, ಕೀಯನ್ನು ತೆಗೆದುಹಾಕಲಾಯಿತು ಎಂಬ ಸಂದೇಶ ಬರುತ್ತದೆ. ಬಳಿಕ ಸ್ಲ್ಯಾಶಿನ ಮುಂದೆ ಸಿ, ಪಿ, ಕೆ, ವೈ ಎಂದು ಬರೆದು ಇನ್ನೊಮ್ಮೆ ಅದೇ ಆದೇಶ ಕೊಟ್ಟರೆ ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಉಳಿದಿರಬಹುದಾದ ಕೀಯ ಗುರುತೂ ಅಳಿಯುತ್ತದೆ. ಕಂಪ್ಯೂಟರನ್ನು ಬೇರೆಯವರಿಗೆ ಕೊಡುವವರು ಈ ಎರಡನೆಯದನ್ನು ಮರೆಯಬಾರದು.

ಈ ಆದೇಶಗಳು ಮೈಕ್ರೋಸಾಫ್ಟಿನ ಸರ್ವರಿಗೆ ಏನನ್ನೂ ತಿಳಿಸುವುದಿಲ್ಲ. ಹಳೆಯ ಯಂತ್ರವು ಕೀಯನ್ನು ಬಿಟ್ಟುಕೊಟ್ಟಿತು ಎಂದಷ್ಟೇ ಇದರ ಅರ್ಥ. ಅಲ್ಲಿಯ ದಾಖಲೆ ಹೊಸ ಯಂತ್ರದಲ್ಲಿ ಸಕ್ರಿಯಗೊಳಿಸಿದಾಗ ಮಾತ್ರ ಬದಲಾಗುತ್ತದೆ. ಹಾಗಿದ್ದರೆ ಈ ಶ್ರಮವೇಕೆ ಎಂದರೆ, ಒಂದು ಪರವಾನಗಿ ಒಂದೇ ಯಂತ್ರದಲ್ಲಿರಬೇಕು ಎಂಬುದು ನೀವು ಒಪ್ಪಿ ಸಹಿ ಹಾಕಿದಂತೆಯೇ ಇರುವ ಷರತ್ತು. ಹಳೆಯ ಯಂತ್ರವೂ ಅದೇ ಕೀಯ ಮೇಲೆ ಜಾಲಕ್ಕೆ ಬರುತ್ತಿದ್ದರೆ ಹೊಸದರಲ್ಲಿ ತೊಂದರೆ ಏಳುವ ಸಾಧ್ಯತೆಯೂ ಇದೆ.

ಹಳೆಯ ಯಂತ್ರವನ್ನು ಮಾರುವುದಾದರೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ರಿಸೆಟ್ ಮಾಡಿ, ಎಲ್ಲವನ್ನೂ ಅಳಿಸುವ ಆಯ್ಕೆಯ ಜೊತೆಗೆ ಡಿಸ್ಕನ್ನು ಪೂರ್ತಿ ಶುಚಿಗೊಳಿಸುವ ಆಯ್ಕೆಯನ್ನೂ ಆರಿಸಿ. ಆ ಯಂತ್ರ ಮೊದಲು ಹೋಮ್ ಆವೃತ್ತಿಯೊಡನೆ ಬಂದಿದ್ದು, ನೀವು ಬಳಿಕ ರೀಟೇಲ್ ಪ್ರೊ ಕೀ ಹಾಕಿದ್ದರೆ, ಅದರ ಸ್ವಂತ ಹೋಮ್ ಪರವಾನಗಿ ಅದರಲ್ಲೇ ಉಳಿದಿರುತ್ತದೆ. ಹೋಮ್ ಆವೃತ್ತಿಯನ್ನು ಹೊಸದಾಗಿ ಹಾಕಿದರೆ ಅದು ತಾನಾಗಿ ಸಕ್ರಿಯವಾಗುತ್ತದೆ, ಕೊಂಡವರಿಗೂ ಅನ್ಯಾಯವಾಗುವುದಿಲ್ಲ.

ಹೊಸ ಯಂತ್ರದಲ್ಲಿ ಅಳವಡಿಸುವುದು

ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಆಗಲೇ ಇದ್ದು, ಅದರ ಆವೃತ್ತಿಯೂ ನಿಮ್ಮ ಹಳೆಯದೂ ಒಂದೇ ಆಗಿದ್ದರೆ ವರ್ಗಾವಣೆಯಿಂದ ಪ್ರಯೋಜನವೇನೂ ಇಲ್ಲ. ರೀಟೇಲ್ ಪರವಾನಗಿಯನ್ನು ಮುಂದೆ ಇನ್ನೊಂದು ಯಂತ್ರಕ್ಕೆಂದು ಕಾಪಾಡಿಕೊಳ್ಳಿ. ಹೊಸದರಲ್ಲಿ ಹೋಮ್ ಇದ್ದು, ನಿಮಗೆ ಪ್ರೊ ಬೇಕಾಗಿದ್ದರೆ, ಉದಾಹರಣೆಗೆ ಬೇರೆ ಊರಿನಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಆ ಯಂತ್ರದೊಳಕ್ಕೆ ಬರಬೇಕಾಗಿದ್ದರೆ, ಆಗ ಕಾರಣವಿದೆ.

ಖಾಲಿ ಯಂತ್ರಕ್ಕೆ ಮೈಕ್ರೋಸಾಫ್ಟಿನ ಅಧಿಕೃತ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, ಕನಿಷ್ಠ 8 ಜಿಬಿಯ ಪೆನ್ ಡ್ರೈವಿನಲ್ಲಿ ಇನ್‌ಸ್ಟಾಲರ್ ಸಿದ್ಧಪಡಿಸಬೇಕು. ಪೆನ್ ಡ್ರೈವಿನಲ್ಲಿ ಇರುವುದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ. ಸ್ನೇಹಿತರ ಬಳಿ ಇರುವ, ಆಗಲೇ ಸಕ್ರಿಯವಾಗಿದೆ ಎನ್ನಲಾಗುವ ಇನ್‌ಸ್ಟಾಲರನ್ನು ಬಳಸಬೇಡಿ. ಒಳಗೆ ಏನು ಸೇರಿಸಿದ್ದಾರೆಂದು ತಿಳಿಯುವ ಬಗೆಯಿಲ್ಲ.

ಇನ್‌ಸ್ಟಾಲ್ ಆಗುವಾಗ ಕೀ ಕೇಳಿದರೆ ಅಲ್ಲೇ ಕೊಡಬಹುದು, ಇಲ್ಲವೇ ಕೀ ಇಲ್ಲ ಎಂಬ ಆಯ್ಕೆಯನ್ನು ಒತ್ತಿ ಮುಂದುವರಿಯಬಹುದು. ಎರಡನೆಯ ದಾರಿ ಹಿಡಿದರೆ ಆವೃತ್ತಿಯನ್ನು ಆರಿಸುವ ಪಟ್ಟಿ ಬರುತ್ತದೆ. ನೀವು ಬರೆದುಕೊಂಡ ಹೆಸರನ್ನೇ ಅಲ್ಲಿ ಆರಿಸಬೇಕು. ಫರ್ಮ್‌ವೇರ್‌ನಲ್ಲಿ ಹೋಮ್ ಕೀ ಇರುವ ಲ್ಯಾಪ್‌ಟಾಪಿನಲ್ಲಿ ಈ ಪ್ರಶ್ನೆಯನ್ನೇ ಕೇಳದೆ ಹೋಮ್ ಆವೃತ್ತಿಯನ್ನು ಹಾಕಿಬಿಡುತ್ತದೆ. ಅದರಿಂದ ಗಾಬರಿಯಾಗಬೇಡಿ, ಹಾಕಲು ಬಿಡಿ.

ಡೆಸ್ಕ್‌ಟಾಪ್ ಕಾಣಿಸಿಕೊಂಡು ಇಂಟರ್‌ನೆಟ್ ಜೋಡಣೆಯಾದ ಮೇಲೆ ಆ್ಯಕ್ಟಿವೇಷನ್ ಪುಟಕ್ಕೆ ಹೋಗಿ, ಪ್ರಾಡಕ್ಟ್ ಕೀ ಬದಲಾಯಿಸುವ ಗುಂಡಿಯನ್ನು ಒತ್ತಿ, ಇಪ್ಪತ್ತೈದು ಅಕ್ಷರಗಳನ್ನು ಕೊಡಿ. ಹೋಮ್ ಇದ್ದಲ್ಲಿ ಪ್ರೊ ಕೀ ಕೊಟ್ಟರೆ ವಿಂಡೋಸ್ ತನ್ನ ಆವೃತ್ತಿಯನ್ನೇ ಏರಿಸಿಕೊಂಡು ಒಮ್ಮೆ ರೀಸ್ಟಾರ್ಟ್ ಆಗುತ್ತದೆ. ಎಲ್ಲವೂ ಸರಿಯಾಗಿದ್ದರೆ ಒಂದೆರಡು ನಿಮಿಷಗಳಲ್ಲಿ ಸಕ್ರಿಯ ಎಂಬ ಉತ್ತರ ಬರುತ್ತದೆ.

ಕೀ ಇಲ್ಲದೆ ಖಾತೆಯನ್ನೇ ನಂಬಿರುವವರು ಹೊಸ ಯಂತ್ರಕ್ಕೆ ಅದೇ ಮೈಕ್ರೋಸಾಫ್ಟ್ ಖಾತೆಯಿಂದ ಒಳಬರಬೇಕು, ಮತ್ತು ಆ ಖಾತೆಗೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿರಬೇಕು. ಆ್ಯಕ್ಟಿವೇಷನ್ ಪುಟದಲ್ಲಿ ಟ್ರಬಲ್‌ಶೂಟ್ ಎಂಬ ಆಯ್ಕೆ ಇರುತ್ತದೆ. ವಿಂಡೋಸ್ ಸಕ್ರಿಯವಾಗಿಲ್ಲದಾಗ ಮಾತ್ರ ಅದು ಕಾಣಿಸುತ್ತದೆ. ಅದನ್ನು ಒತ್ತಿ, ಪರೀಕ್ಷೆ ಮುಗಿದ ಬಳಿಕ, ಇತ್ತೀಚೆಗೆ ಈ ಯಂತ್ರದ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಎಂಬ ಅರ್ಥದ ಸಾಲನ್ನು ಆರಿಸಿ. ನಿಮ್ಮ ಖಾತೆಯಲ್ಲಿರುವ ಯಂತ್ರಗಳ ಪಟ್ಟಿ ಬರುತ್ತದೆ. ಅದರಲ್ಲಿ ನೀವು ಈಗ ಮುಂದೆ ಕುಳಿತಿರುವ ಯಂತ್ರದ ಹೆಸರನ್ನು ಆರಿಸಿ, ನಾನು ಈಗ ಬಳಸುತ್ತಿರುವುದು ಇದನ್ನೇ ಎಂಬ ಚೌಕಕ್ಕೆ ಗುರುತು ಹಾಕಿ ಸಕ್ರಿಯಗೊಳಿಸಬೇಕು. ಹೊಸ ಯಂತ್ರಕ್ಕೆ ಮೊದಲೇ ಗುರುತು ಹಿಡಿಯುವಂಥ ಹೆಸರು ಕೊಟ್ಟಿದ್ದರೆ ಈ ಪಟ್ಟಿಯಲ್ಲಿ ಗೊಂದಲವಾಗುವುದಿಲ್ಲ. ಆವೃತ್ತಿ ಹೊಂದದಿದ್ದರೆ, ಮೂಲ ಪರವಾನಗಿ ಓಇಎಂ ಆಗಿದ್ದರೆ, ಅಥವಾ ಇಂಥ ಮರುಸಕ್ರಿಯತೆಯ ಮಿತಿ ಮೀರಿದ್ದರೆ ಈ ದಾರಿ ಫಲಿಸುವುದಿಲ್ಲ.

ತೊಡಕುಗಳು ಬಂದಾಗ

ಸಕ್ರಿಯವಾಗದಿದ್ದರೆ ಪರದೆಯ ಮೇಲೆ ಒಂದು ದೋಷಸಂಖ್ಯೆ ಕಾಣುತ್ತದೆ. ಅದನ್ನು ಓದದೆ ಮತ್ತೆ ಮತ್ತೆ ಕೀ ಹಾಕುವುದರಿಂದ ಉಪಯೋಗವಿಲ್ಲ. ಸಂಖ್ಯೆ ಸಿ004ಸಿ008 ಎಂದು ಕೊನೆಗೊಂಡರೆ ಆ ಕೀ ಆಗಲೇ ಬೇರೆ ಯಂತ್ರದಲ್ಲಿ ಬಳಕೆಯಲ್ಲಿದೆ, ಅನುಮತಿಸಿದ್ದಕ್ಕಿಂತ ಹೆಚ್ಚು ಬಾರಿ ಬಳಸಲಾಗಿದೆ ಎಂದರ್ಥ. ನ್ಯಾಯವಾಗಿ ವರ್ಗಾಯಿಸುತ್ತಿರುವವರಿಗೂ ಇದು ಬರಬಹುದು, ನಿರಾಶರಾಗಬೇಕಾಗಿಲ್ಲ. ಸಿ004ಎಫ್213 ಎಂದರೆ ಈ ಯಂತ್ರದಲ್ಲಿ ಕೀ ಸಿಗಲಿಲ್ಲ ಎಂಬ ಸಾಮಾನ್ಯ ದೂರು, ಕೀ ಕೊಟ್ಟರೆ ಸರಿಹೋಗುತ್ತದೆ. ಸಿ004ಎಫ್050 ಬಂದರೆ ಕೀಯ ಅಕ್ಷರ ತಪ್ಪಿದೆಯೇ, ಬೇರೆ ಆವೃತ್ತಿಯ ಕೀಯೇ ಎಂದು ನೋಡಬೇಕು. ಸಿ004ಸಿ003 ಮಾತ್ರ ಕೆಟ್ಟ ಸುದ್ದಿ: ಕೀಯನ್ನು ಮೈಕ್ರೋಸಾಫ್ಟ್ ತಡೆಹಿಡಿದಿದೆ.

ಮೊದಲನೆಯ ಸಂದರ್ಭದಲ್ಲಿ ರನ್ ಪೆಟ್ಟಿಗೆಯಲ್ಲಿ ಎಸ್, ಎಲ್, ಯು, ಐ ಎಂದು ಬರೆದು, ಸ್ಪೇಸ್ ಬಿಟ್ಟು 4 ಎಂದು ಹಾಕಿದರೆ ಫೋನ್ ಮೂಲಕ ಸಕ್ರಿಯಗೊಳಿಸಲೆಂದು ಇರುವ ಕಿಟಕಿ ತೆರೆಯುತ್ತದೆ. ದೇಶವನ್ನು ಆರಿಸಿದ ಮೇಲೆ ಅಲ್ಲಿ ಒಂಬತ್ತು ಗುಂಪುಗಳಲ್ಲಿ ಇನ್‌ಸ್ಟಾಲೇಷನ್ ಐಡಿ ಕಾಣಿಸುತ್ತದೆ. ಪರದೆಯ ಮೇಲೆ ಸೂಚಿಸಿದ ದಾರಿಯಲ್ಲಿ ಅದನ್ನು ಕೊಟ್ಟರೆ ಪ್ರತಿಯಾಗಿ ದೃಢೀಕರಣ ಸಂಖ್ಯೆ ದೊರೆಯುತ್ತದೆ, ಅದನ್ನು ಎಂಟು ಚೌಕಗಳಲ್ಲಿ ತುಂಬಬೇಕು. ಎಷ್ಟು ಕಂಪ್ಯೂಟರುಗಳಲ್ಲಿ ಈ ಪ್ರತಿ ಇದೆ ಎಂದು ಕೇಳಿದರೆ ಒಂದೇ ಎಂದು ಉತ್ತರಿಸಬೇಕಾಗುತ್ತದೆ. ಹಳೆಯ ಯಂತ್ರದಿಂದ ನೀವು ಕೀ ತೆಗೆದಿದ್ದರೆ ಆ ಉತ್ತರ ಸತ್ಯವೂ ಆಗಿರುತ್ತದೆ. ಈ ವ್ಯವಹಾರಕ್ಕೆ ಯಾರೂ ಹಣ ಕೇಳುವುದಿಲ್ಲ. ಸಹಾಯವಾಣಿಯ ಸಂಖ್ಯೆಯನ್ನು ಹುಡುಕಾಟದ ಫಲಿತಾಂಶಗಳಿಂದ ಎತ್ತಿಕೊಳ್ಳದೆ, ವಿಂಡೋಸ್ ಕಿಟಕಿಯಲ್ಲೇ ತೋರಿಸಿದ್ದನ್ನು ಮಾತ್ರ ಬಳಸಿ. ಮೈಕ್ರೋಸಾಫ್ಟಿನ ಹೆಸರು ಹೇಳಿಕೊಂಡು ದೂರದಿಂದ ಕಂಪ್ಯೂಟರಿಗೆ ಪ್ರವೇಶ ಕೇಳುವ ಮೋಸಗಾರರು ಇಂಥ ಹುಡುಕಾಟಗಳಿಗಾಗಿಯೇ ಕಾದಿರುತ್ತಾರೆ. ಬಿಲ್ ಇದ್ದವರು ಗೆಟ್ ಹೆಲ್ಪ್ ಎಂಬ ಆ್ಯಪ್ ಮೂಲಕ ಮೈಕ್ರೋಸಾಫ್ಟಿನ ಸಿಬ್ಬಂದಿಯನ್ನು ಸಂಪರ್ಕಿಸಿ ವಿಷಯವನ್ನು ವಿವರಿಸಬಹುದು.

ಯಂತ್ರ ಹಳೆಯದೇ ಇದ್ದು, ಕೆಟ್ಟ ಮದರ್‌ಬೋರ್ಡನ್ನು ಮಾತ್ರ ಬದಲಾಯಿಸಿದವರದು ಸ್ವಲ್ಪ ಬೇರೆಯ ಪ್ರಕರಣ. ಓಇಎಂ ಪರವಾನಗಿಯ ಲ್ಯಾಪ್‌ಟಾಪಾದರೆ ತಯಾರಕರ ಅಧಿಕೃತ ಸರ್ವೀಸ್ ಕೇಂದ್ರದಲ್ಲೇ ಬದಲಾಯಿಸಿಕೊಂಡು, ಯಂತ್ರವನ್ನು ಕೈಗೆ ತೆಗೆದುಕೊಳ್ಳುವ ಮೊದಲು ವಿಂಡೋಸ್ ಸಕ್ರಿಯವಾಗಿದೆಯೇ ಎಂದು ಅಲ್ಲೇ ನಿಂತು ನೋಡಿ.

ವರ್ಗಾಯಿಸಲಾಗದು ಎಂದು ತಿಳಿದಾಗ

ಹಳೆಯ ಪರವಾನಗಿ ಓಇಎಂ ಎಂದು ಖಚಿತವಾದವರು ಕೆಲವು ನೂರು ರೂಪಾಯಿಗಳಿಗೆ ಸಿಗುವ ಕೀಗಳ ಕಡೆ ತಿರುಗುವುದನ್ನು ನಾನು ಬಹಳ ನೋಡಿದ್ದೇನೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಆದರೆ ಆ ಕೀಗಳಲ್ಲಿ ಹಲವು ಸಂಸ್ಥೆಗಳ ವಾಲ್ಯೂಮ್ ಪರವಾನಗಿಯಿಂದ ಸೋರಿ ಬಂದವು. ಮೊದಲ ದಿನ ಅವು ಕೆಲಸ ಮಾಡುತ್ತವೆ, ಬಳಿಕ ಯಾವಾಗ ಬೇಕಾದರೂ ತಡೆಹಿಡಿಯಲ್ಪಡಬಹುದು. ವಾಲ್ಯೂಮ್ ಪರವಾನಗಿಯಲ್ಲಿ ಕೆಎಂಎಸ್ ಎಂಬ ಬಗೆಯ ಸಕ್ರಿಯತೆಗೆ 180 ದಿನಗಳ ಆಯುಷ್ಯ ಮಾತ್ರ, ಅಷ್ಟರೊಳಗೆ ಅದು ಸಂಸ್ಥೆಯ ಸರ್ವರನ್ನು ಮತ್ತೆ ಕಂಡು ನವೀಕರಿಸಿಕೊಳ್ಳಬೇಕು. ಅಂಗಡಿಯಲ್ಲಿ ಹಾಕಿಸಿದ ವಿಂಡೋಸ್ ಸುಮಾರು ಆರು ತಿಂಗಳಾದ ಮೇಲೆ ಇದ್ದಕ್ಕಿದ್ದಂತೆ ಸಕ್ರಿಯವಲ್ಲ ಎನ್ನತೊಡಗಿದರೆ ಕಾರಣ ಇದೇ ಇರಬಹುದು. ಹೊಸ ಯಂತ್ರ ಕೊಳ್ಳುವಾಗಲೇ ವಿಂಡೋಸ್ ಇರುವ ಲ್ಯಾಪ್‌ಟಾಪಿಗೂ ಡಾಸ್ ಲ್ಯಾಪ್‌ಟಾಪಿಗೂ ಇರುವ ಬೆಲೆಯ ಅಂತರವನ್ನು ಪ್ರತ್ಯೇಕ ಪೆಟ್ಟಿಗೆಯ ಬೆಲೆಯೊಡನೆ ಹೋಲಿಸಿ ನೋಡುವುದು ಒಳ್ಳೆಯದು. ಬರವಣಿಗೆ, ಇಮೇಲ್, ಬ್ಯಾಂಕಿನ ಕೆಲಸಗಳಷ್ಟೇ ಇರುವವರಿಗೆ ಉಬುಂಟುವಿನಂಥ ಲಿನಕ್ಸ್ ಸಾಕು, ಅದಕ್ಕೆ ಕೀ ಬೇಕಿಲ್ಲ, ವರ್ಗಾವಣೆಯ ಪ್ರಶ್ನೆಯೂ ಇಲ್ಲ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಹಳೆಯ ಕಡತಗಳನ್ನು ರಾಶಿಯಾಗಿ ಇಟ್ಟುಕೊಂಡಿರುವ ಮುದ್ರಣದ ಅಂಗಡಿಗಳಿಗೆ ಮಾತ್ರ ಈ ಸಲಹೆ ಕೊಡಲು ನನಗೆ ಧೈರ್ಯವಿಲ್ಲ, ಆ ತಂತ್ರಾಂಶಗಳು ವಿಂಡೋಸಿಗೆಂದೇ ರಚಿತವಾದವು.

ಕೊನೆಯ ತಪಾಸಣೆ

ಹೊಸ ಯಂತ್ರ ಸಕ್ರಿಯವಾದ ಮೇಲೆ ರನ್ ಪೆಟ್ಟಿಗೆಯಲ್ಲಿ ಮತ್ತೆ ಎಸ್, ಎಲ್, ಎಂ, ಜಿ, ಆರ್ ಎಂದು ಬರೆದು, ಸ್ಪೇಸ್ ಬಿಟ್ಟು ಸ್ಲ್ಯಾಶ್ ಹಾಕಿ, ಎಕ್ಸ್, ಪಿ, ಆರ್ ಎಂದು ಸೇರಿಸಿ ಎಂಟರ್ ಒತ್ತಿ. ಶಾಶ್ವತವಾಗಿ ಸಕ್ರಿಯವಾಗಿದೆ ಎಂಬ ಉತ್ತರ ಬರಬೇಕು. ಯಾವುದಾದರೂ ದಿನಾಂಕ ಕಂಡರೆ ಅದು ವಾಲ್ಯೂಮ್ ಪರವಾನಗಿಯ ಲಕ್ಷಣ. ಆ್ಯಕ್ಟಿವೇಷನ್ ಪುಟದಲ್ಲಿ ಖಾತೆಯ ಜೋಡಣೆಯ ಸಾಲು ಇದೆಯೇ ಎಂದು ನೋಡಿ ಅದರ ಚಿತ್ರವನ್ನೂ ಬಿಲ್ಲಿನ ಜೊತೆಗೆ ಇರಿಸಿ. ಅಪ್‌ಡೇಟುಗಳೆಲ್ಲ ಇಳಿದು, ಯಂತ್ರ ಒಂದೆರಡು ಬಾರಿ ಆರಿ ಹೊತ್ತಿ, ಒಂದು ವಾರ ಕಳೆದ ಮೇಲೆ ಇನ್ನೊಮ್ಮೆ ಅದೇ ಪುಟವನ್ನು ತೆರೆದು ನೋಡಿ. ಆಗಲೂ ಎಲ್ಲ ಸರಿಯಿದ್ದರೆ ಹಳೆಯ ಯಂತ್ರವನ್ನು ಕೊಡುವವರಿಗೆ ಕೊಡಬಹುದು.